ಮದ್ವೆ ಫೋಟೋದಲ್ಲಿ ಮರದ ಗೊಂಬೆ ಥರ ಕಾಣ್ಬಾರ್ದು ಅಂದ್ರೆ

ನನ್ ಮದ್ವೆ ಆಲ್ಬಮ್ ತೆಗೆದ್ರೆ ಆರತಕ್ಷತೆಯ ಮೊದಲ ಹತ್ತು ಫೋಟೋದಲ್ಲಿ ನಗ್ತಾ ಇದೀನಿ, ಅಲ್ಲಿಂದಾಚೆ ಎಲ್ಲದ್ರಲ್ಲೂ ಹಲ್ಲುನೋವು ಬಂದೋಳ ಥರ ಹಲ್ಲು ಕಚ್ಕೊಂಡು ನಿಂತಿದೀನಿ. ಅದೇ ಮಾರನೇ ದಿನ ಮುಹೂರ್ತದಲ್ಲಿ ಅಂತರಪಟ ಸರಿಸಿದ ತಕ್ಷಣ ಜೀರಿಗೆ ಬೆಲ್ಲ ಹಾಕೋಕೆ ಹೋಗಿ ಇವರ ಬಾಸಿಂಗ ವಾರೆ ಆಗಿ ಇಬ್ರೂ ನಕ್ಕುಬಿಟ್ವಿ ನೋಡಿ, ಅದೊಂದೇ ಫೋಟೋ ಫ್ರೇಮ್ ಹಾಕ್ಸಿರೋದು. ಅಲ್ಲಿ ಕೈಗೆ ಕೆಲ್ಸ ಇತ್ತು, ಕ್ಯಾಮರಾ ಮರ್ತೇ ಹೋಗಿತ್ತು. ಈಗ ತಂಗಿ ಮದ್ವೆ ಹತ್ರ ಬಂದಿದೆ, ಅವಳಿಗೆ ಹೇಳಿದ್ದನ್ನೇ ಇಲ್ಲೂ ಹಾಕ್ತಿದೀನಿ.

ಮೊದ್ಲು ಹೊಟ್ಟೆ. ನಮ್ಮ ಕಡೆ ಹಿಂದಿನ ರಾತ್ರಿ ಹನ್ನೊಂದರವರೆಗೆ ಆರತಕ್ಷತೆ, ಬೆಳಗ್ಗೆ ನಾಲ್ಕಕ್ಕೆ ಮೇಕಪ್ಪು, ತಾಳಿ ಕಟ್ಟೋವರೆಗೂ ಉಪವಾಸ, ಇಷ್ಟಾದ್ಮೇಲೆ ಮುಖದಲ್ಲಿ ಕಳೆ ಎಲ್ಲಿಂದ ಬರ್ಬೇಕು? ಹಾಲು, ಬಾಳೆಹಣ್ಣು ತಗೋಬಹುದಾ ಅಂತ ಮನೆ ಹಿರಿಯರನ್ನ ಮೊದ್ಲೇ ಕೇಳಿಟ್ಕೊಳ್ಳಿ, ಎಷ್ಟೋ ಮನೇಲಿ ಬೇಡ ಅನ್ನಲ್ಲ. ಎಳನೀರಿಗೆ ಸ್ಟ್ರಾ ಇರ್ಲಿ, ಲಿಪ್‌ಸ್ಟಿಕ್ ಉಳಿಯತ್ತೆ. ಆರತಕ್ಷತೆಗೆ ರೆಡಿ ಆಗೋಕೆ ಮುಂಚೆ ಒಂದು ಬಟ್ಟಲು ಮೊಸರನ್ನ ತಿಂದೇ ಸೀರೆಗೆ ಕೈ ಹಾಕಿ.

ಆಮೇಲೆ ಈ ನಗು. ಫ್ರಾನ್ಸಿನ ಡುಶೆನ್ ಅಂತ ಒಬ್ಬ ಡಾಕ್ಟ್ರು 1862ರಲ್ಲೇ ಪುಸ್ತಕ ಮಾಡಿ ಇದನ್ನ ತೋರಿಸಿದಾನೆ, ಬಾಯಿ ಅಗಲಿಸೋದು ನಾವು ಬೇಕಂದಾಗ ಆಗತ್ತೆ, ಆದ್ರೆ ಕಣ್ಣಿನ ಸುತ್ತ ಇರೋ ಸ್ನಾಯು ಖುಷಿ ಆದಾಗ್ಲೇ ಸರಿಯಾಗಿ ಕೆಲ್ಸ ಮಾಡೋದು ಅಂತ. ಅದಕ್ಕೇ ಎರಡು ಗಂಟೆ ನಗು ಹಿಡ್ಕೊಂಡು ನಿಲ್ಲೋಕೆ ಹೋಗ್ಬೇಡಿ. ಒಂದು ಫ್ಯಾಮಿಲಿ ಇಳಿದು ಇನ್ನೊಂದು ಸ್ಟೇಜ್ ಹತ್ತೋ ಗ್ಯಾಪಲ್ಲಿ ಮುಖ ಪೂರ್ತಿ ಬಿಟ್ಬಿಡಿ, ತುಟಿ ಮುಚ್ಚಿ, ಉಸಿರು ಬಿಡಿ, ದವಡೆ ಒಂದ್ಸಲ ಆಡಿಸಿ. ಬಂದೋರ್ ಮುಖ ನೋಡಿ ಮಾತಾಡಿಸಿ, 'ಅತ್ತೆ, ಮಂಡಿನೋವು ಹೆಂಗಿದೆ, ಈ ಮೆಟ್ಲು ಹೆಂಗ್ ಹತ್ತಿದ್ರಿ' ಅಂದ್ರೂ ಸಾಕು, ಅವರು ಏನಾದ್ರೂ ಅಂದೇ ಅಂತಾರೆ, ನೀವು ನಗ್ತೀರ, ಆಗ ಕ್ಯಾಮರಾ ಕಡೆ ತಿರುಗಿ. ಕಣ್ಣು ಮಿಟುಕೋರಿಗೆ ಒಂದು ಉಪಾಯ, ಒನ್ ಟೂ ಅನ್ನೋವಾಗ ಕಣ್ಣು ಮುಚ್ಚಿ, ತ್ರೀಗೆ ತೆಗೀರಿ.

ಗಂಡುಗಳಿಗೆ ದೊಡ್ಡ ಪ್ರಾಬ್ಲಮ್ಮು ಕೈ, ಎಲ್ಲಿಡೋದು ಗೊತ್ತಾಗ್ದೆ ರಾಷ್ಟ್ರಗೀತೆಗೆ ನಿಂತಂಗೆ ನಿಂತಿರ್ತಾರೆ. ಶಲ್ಯದ ತುದಿ ಹಿಡ್ಕೊಳ್ಳಿ, ಇಲ್ಲ ಹುಡುಗಿ ಕೈ ಹಿಡ್ಕೊಳ್ಳಿ, ಭಾರ ಒಂದೇ ಕಾಲಿನ ಮೇಲೆ ಬಿಡಿ. ಪೇಟ ತಲೆಗೆ ಬಿಗಿ ಆಗತ್ತಾ ಅಂತ ಮನೇಲೇ ಅರ್ಧ ಗಂಟೆ ಹಾಕ್ಕೊಂಡು ನೋಡಿ. ಹುಡುಗೀರು ರೇಷ್ಮೆ ಸೀರೆ, ಡಾಬು ಎಲ್ಲ ಹಾಕ್ಕೊಂಡು ಒಂದಿನ ನೆಲದ ಮೇಲೆ ಕೂತು ಎದ್ದು ಮಾಡಿ, ಬ್ಲೌಸ್ ಎಲ್ಲಿ ಹಿಡಿಯತ್ತೆ ಅಂತ ಅವತ್ತೇ ಗೊತ್ತಾಗ್ಲಿ. ಹೀಲ್ಸ್ ಹಾಕಿ ನೆರಿಗೆ ಹಿಡಿದು ಮಧ್ಯದಲ್ಲಿ ಚಪ್ಪಲಿ ಬದಲಾಯಿಸಿದ್ರೆ ಸೀರೆ ನೆಲ ಗುಡಿಸತ್ತೆ (ನನ್ ಅನುಭವ). ಟ್ರಯಲ್ ಮೇಕಪ್ ದಿನ ಕತ್ತಲೆ ರೂಮಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೀರಿ, ಕೆಲವು ಪೌಡರ್, ಸನ್‌ಸ್ಕ್ರೀನ್ ಕಣ್ಣಿಗೆ ಕಾಣ್ದೇ ಇದ್ರೂ ಫ್ಲ್ಯಾಶಿಗೆ ಸುಣ್ಣ ಬಳಿದಂಗೆ ಹೊಳೀತವೆ.

ಫೋಟೋಗ್ರಾಫರ್ ಹತ್ರ ವಾರದ ಮುಂಚೆ ಕೂತು ಮಾತಾಡಿ. ಗಟ್ಟಿಮೇಳ ಬಾರಿಸ್ತಿರ್ಬೇಕಾದ್ರೆ 'ಸಾರ್, ತಾಳಿ ಹಂಗೇ ಹಿಡ್ಕೊಂಡು ಇಲ್ಲಿ ನೋಡಿ' ಅನ್ನೋರು ಇದಾರೆ, ಪುರೋಹಿತ್ರು ಗುರಾಯಿಸ್ತಿರ್ತಾರೆ, ಹುಡುಗ ಪಾಪ ಗಂಟು ಹಾಕ್ಲೋ ಪೋಸ್ ಕೊಡ್ಲೋ ಅಂತ ಬೆವರ್ತಿರ್ತಾನೆ. ಶಾಸ್ತ್ರದ ಮಧ್ಯ ನಿಲ್ಲಿಸ್ಬೇಡಿ, ಅದೇನಿದ್ರೂ ಕ್ಯಾಂಡಿಡ್ಡೇ ಇರ್ಲಿ ಅಂತ ಸ್ಪಷ್ಟವಾಗಿ ಹೇಳಿ. ಗ್ರೂಪ್ ಫೋಟೋ ಪಟ್ಟಿ ಬರೆದು ಗಂಟಲು ದೊಡ್ಡದಿರೋ ಒಬ್ಬ ಕಸಿನ್ ಕೈಗೆ ಕೊಡಿ, ದೊಡ್ಡಮ್ಮನ್ನ ಹುಡುಕೋ ಕೆಲ್ಸ ಮದುಮಗಳದ್ದಲ್ಲ.

ಊಟದ ಎಲೆ ಮುಂದೆ ಕೂತಾಗ ಒಬ್ಬರಿಗೊಬ್ಬರು ತಿನ್ಸೋ ಫೋಟೋ ಒಂದೆರಡು ತೆಗೆಸ್ಕೊಳ್ಳಿ, ಆಮೇಲೆ ಆ ವಿಡಿಯೋ ಲೈಟ್ ಆಫ್ ಮಾಡ್ಸಿ ಪಕ್ಕದಲ್ಲೇ ಅವರಿಗೂ ಎಲೆ ಹಾಕ್ಸಿ, ಬೆಳಗ್ಗೆ ನಾಲ್ಕರಿಂದ ಅವರೂ ಏನೂ ತಿಂದಿರಲ್ಲ.