ಕ್ರಿಯಾ ಸಂಶೋಧನೆಗೆ ಆಕರ ಹುಡುಕಿದ ಬಗೆ

ಐದನೇ ತರಗತಿಯ ಮಕ್ಕಳಿಗೆ ಭಿನ್ನರಾಶಿಯ ಹೋಲಿಕೆ ಏಕೆ ತೊಡಕಾಗುತ್ತದೆ ಎಂಬುದನ್ನು ಕ್ರಿಯಾ ಸಂಶೋಧನೆಗೆ, ಅಂದರೆ ಶಿಕ್ಷಕರು ತಮ್ಮದೇ ತರಗತಿಯ ತೊಡಕನ್ನು ಬಿಡಿಸಿಕೊಳ್ಳಲು ನಡೆಸುವ ಅಧ್ಯಯನಕ್ಕೆ, ಎತ್ತಿಕೊಂಡಾಗ, ಗ್ರಂಥಾಲಯದಲ್ಲಿ ಎರಡು ಕಡೆ ಹುಡುಕಬೇಕೆಂದು ಮೊದಲೇ ನಿಶ್ಚಯಿಸಿದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಶೈಕ್ಷಣಿಕ ಸಂಶೋಧನೆಯ ಪುಸ್ತಕಗಳು 370.72ರ ಆಸುಪಾಸಿನಲ್ಲಿ ಸಿಗುತ್ತವೆ. ಆದರೆ ಕ್ರಿಯಾ ಸಂಶೋಧನೆ ಒಂದು ವಿಧಾನವಷ್ಟೇ ಆದ್ದರಿಂದ, ಶಿಕ್ಷಕರೊಬ್ಬರು ತಮ್ಮ ಗಣಿತ ತರಗತಿಯಲ್ಲಿ ನಡೆಸಿದ ಪ್ರಯೋಗದ ಪುಸ್ತಕವು ಪ್ರಾಥಮಿಕ ಗಣಿತ ಬೋಧನೆಯ 372.7ರಲ್ಲಿ ಕುಳಿತಿರುವುದೇ ಹೆಚ್ಚು.

ವಿಧಾನದ ಮಟ್ಟಿಗೆ ನಾನು ಬಿ.ಎಡ್. ಗೈಡುಗಳನ್ನು ಬದಿಗಿಟ್ಟೆ, ಒಂದರಲ್ಲಿದ್ದ ಹಂತಗಳ ಪಟ್ಟಿಯೇ ಇನ್ನೊಂದರಲ್ಲೂ ಇತ್ತು. ಅವು ಹೆಸರಿಸುವ ಮನೋವಿಜ್ಞಾನಿ ಕರ್ಟ್ ಲೆವಿನ್ನರ 1946ರ ಲೇಖನವನ್ನು ಮೂಲದಲ್ಲೇ ಓದಿದರೆ ಅದು ಶಾಲೆಯ ಕುರಿತದ್ದಲ್ಲ, ಅಮೆರಿಕದ ಅಲ್ಪಸಂಖ್ಯಾತರ ಸಮಸ್ಯೆಗಳ ಕುರಿತದ್ದು ಎಂದು ತಿಳಿಯುತ್ತದೆ. ಶಾಲೆಯ ಕೆಲಸಕ್ಕೆ ಹತ್ತಿರವಾದವರು ಈ ವಿಧಾನದ ಬಗ್ಗೆ 1953ರಲ್ಲಿ ಬರೆದ ಶಿಕ್ಷಣತಜ್ಞ ಸ್ಟೀಫನ್ ಕೋರಿ ಮತ್ತು 1975ರಲ್ಲಿ ಶಿಕ್ಷಕನನ್ನೇ ಸಂಶೋಧಕನನ್ನಾಗಿ ಕಂಡ ಶಿಕ್ಷಣತಜ್ಞ ಲಾರೆನ್ಸ್ ಸ್ಟೆನ್‌ಹೌಸ್.

ಲೇಖನಗಳಿಗಾಗಿ ಅಮೆರಿಕದ ಶಿಕ್ಷಣ ಇಲಾಖೆಯ ಉಚಿತ ದತ್ತಕೋಶ 'ಎರಿಕ್' ಬಳಸಿದೆ. ತೋಚಿದ ಪದಗಳನ್ನು ಟೈಪಿಸುವ ಬದಲು ಅದರದೇ ಪದಕೋಶದಿಂದ 'ಆ್ಯಕ್ಷನ್ ರಿಸರ್ಚ್' ಮತ್ತು 'ಫ್ರ್ಯಾಕ್ಷನ್ಸ್' ಎಂಬ ವಿಷಯಸೂಚಿಗಳನ್ನು ಜೋಡಿಸಿದಾಗ ಫಲಿತಾಂಶ ಹಿಡಿತಕ್ಕೆ ಬಂತು. 'ಇಜೆ' ಸಂಖ್ಯೆಯವು ನಿಯತಕಾಲಿಕದ ಲೇಖನಗಳು. 'ಇಡಿ' ಸಂಖ್ಯೆಯ ವರದಿ, ಪ್ರಬಂಧಗಳಲ್ಲಿ ಅನೇಕವು ಪೂರ್ಣವಾಗಿ, ಹಣ ಕೊಡದೆ ಸಿಗುತ್ತವೆ. ಶಾಲಾ ಶಿಕ್ಷಕರಿಗೆ ಇದು ಸಣ್ಣ ಅನುಕೂಲವಲ್ಲ.

ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಆನ್‌ಲೈನ್ ಪ್ರಬಂಧ ಭಂಡಾರ ಶೋಧಗಂಗಾದಲ್ಲಿರುವುದು ಮುಖ್ಯವಾಗಿ ಪಿಎಚ್.ಡಿ. ಪ್ರಬಂಧಗಳಾದ್ದರಿಂದ, ಒಂದು ತರಗತಿಯಷ್ಟು ಚಿಕ್ಕ ಅಧ್ಯಯನವನ್ನು ಅಲ್ಲಿ ನಿರೀಕ್ಷಿಸದೆ, ಸಂಬಂಧಿತ ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನೂ ಗ್ರಂಥಋಣವನ್ನೂ ಮಾತ್ರ ನೋಡಿ, ಅಲ್ಲಿಂದ ಭಾರತೀಯ ಅಧ್ಯಯನಗಳ ಜಾಡು ಹಿಡಿದೆ.

ನನಗೆ ಅತ್ಯಂತ ಉಪಯುಕ್ತವಾದವು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಗ್ರಂಥಾಲಯದೊಂದರ ಒಳಕೋಣೆಯಲ್ಲಿ ಬೈಂಡು ಮಾಡಿಸಿ ಇಟ್ಟಿದ್ದ, ಯಾವ ಗಣಕೀಕೃತ ಸೂಚಿಯಲ್ಲೂ ಇಲ್ಲದ ಕನ್ನಡದ ವರದಿಗಳು. ಗ್ರಂಥಪಾಲಕರನ್ನು ಕೇಳದಿದ್ದರೆ ಅವು ಕಣ್ಣಿಗೆ ಬೀಳುತ್ತಿರಲಿಲ್ಲ. ಬಹುಪಾಲು ವರದಿಗಳು ಪೂರ್ವ ಪರೀಕ್ಷೆ, ಚಟುವಟಿಕೆ, ನಂತರದ ಪರೀಕ್ಷೆ, ಕೊನೆಗೆ 'ಕಲಿಕೆ ಸುಧಾರಿಸಿದೆ' ಎಂಬ ಒಂದೇ ಅಚ್ಚಿನಲ್ಲಿದ್ದವು. ಹಾಗಾಗಿ ಮಕ್ಕಳ ಉತ್ತರ ಪತ್ರಿಕೆಗಳ ಮಾದರಿಯನ್ನು ಲಗತ್ತಿಸಿದ, ಮೊದಲ ಸುತ್ತಿನ ನಂತರ ಯೋಜನೆಯನ್ನು ಏಕೆ ಬದಲಿಸಲಾಯಿತು ಎಂದು ಬರೆದಿಟ್ಟ ವರದಿಗಳನ್ನಷ್ಟೇ ಆರಿಸಿಕೊಂಡು, ಅವುಗಳ ಶೀರ್ಷಿಕೆ, ವರ್ಷ, ಪುಟಸಂಖ್ಯೆಗಳನ್ನು ಅಲ್ಲೇ ಕುಳಿತು ನೋಟ್ ಪುಸ್ತಕಕ್ಕೆ ಇಳಿಸಿಕೊಂಡೆ.