ಬಿಲ್ಲುಗಳನ್ನು ಸ್ಪ್ಯಾಮ್‌ನಿಂದ ಹೊರಗೆ ತಂದದ್ದು: ನನ್ನ ಅನುಭವ

"ಏ ತಮ್ಮಾ, ಮೇಲ್ ಹೋಗೇತಿ ಅಂತ ಇಲ್ಲಿ ತೋರಸ್ತೈತಿ. ಬಂದಿಲ್ಲ ಅಂತ ಅವ್ರು ಅಂತಾರ. ನಡುವ ಯಾರ್ ತಿಂದ್ರು?"

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ವರ್ಕ್‌ಶಾಪ್ ಇಟ್ಟಿರುವ ಕಾಕಾ ದೀಪಾವಳಿ ಮುಗಿದ ಮೇಲೆ ಫೋನ್ ಮಾಡಿ ಕೇಳಿದ್ದು ಇದು. ಬೆಳಗಾವಿ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷ. ಹತ್ತಿರ ಹತ್ತಿರ ಏಳು ಲಕ್ಷದ ಬಿಲ್ಲುಗಳು ಗಿರಾಕಿಗಳ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಮಲಗಿದ್ದವು.

ನನಗಿಂತ ಮೊದಲು ಇಬ್ಬರು ಕೈ ಆಡಿಸಿದ್ದರು. ಒಬ್ಬರು ಹೋಸ್ಟಿಂಗ್ ಬದಲಿಸಿದರು. ಇನ್ನೊಬ್ಬರು ಡೆಡಿಕೇಟೆಡ್ ಐಪಿ, ಅಂದರೆ ಮೇಲ್ ಕಳಿಸಲು ಕಾಕಾಗೇ ಮೀಸಲಾದ ಇಂಟರ್ನೆಟ್ ವಿಳಾಸ, ಕೊಡಿಸಿ ವರ್ಷಕ್ಕೆ ಹದಿನೆಂಟು ಸಾವಿರ ಇಸಕೊಂಡರು. ದಿನಕ್ಕೆ ಐವತ್ತು ಅರವತ್ತು ಮೇಲ್ ಕಳಿಸುವವರಿಗೆ ಅದ್ಯಾಕೆ? ಹೊಸ ಐಪಿ ಅಂದರೆ ಊರಿಗೆ ಹೊಸಬ, ಯಾರೂ ನಂಬಲ್ಲ. ಅಷ್ಟು ಕಮ್ಮಿ ಮೇಲ್‌ನಲ್ಲಿ ಅದಕ್ಕೆ ಹೆಸರು ಬರುವುದೂ ಇಲ್ಲ.

ನಾನೂ ಮೊದಲು ಎಡವಿದೆ. ಸಬ್ಜೆಕ್ಟ್‌ನಿಂದ 'ಅರ್ಜೆಂಟ್' ತೆಗೆದೆ, 'ಪೇಮೆಂಟ್' ತೆಗೆದೆ, ಸಹಿಯ ಕೆಳಗಿದ್ದ ಲೋಗೋ ತೆಗೆದೆ. ಎರಡು ವಾರ ಸುಮ್ನೆ ಹಾಳು.

ಕೊನೆಗೆ ಹೆಡರ್, ಅಂದರೆ ಮೇಲ್‌ನ ಹಿಂದೆ ಅಡಗಿರುವ ತಾಂತ್ರಿಕ ವಿವರ, ತೆರೆದೆ. ಮೊದಲೇ ತೆರೆಯಬೇಕಿತ್ತು, ಅಲ್ವಾ? ಆಫೀಸ್ ಮೇಲ್‌ನಲ್ಲಿ ಎಸ್‌ಪಿಎಫ್ ಪರ್ಮ್‌ಎರರ್. ಎಸ್‌ಪಿಎಫ್ ಅಂದರೆ ಈ ಡೊಮೇನ್‌ನ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ, ಪರ್ಮ್‌ಎರರ್ ಅಂದರೆ ಆ ಪಟ್ಟಿಯೇ ತಪ್ಪು. ನೋಡಿದರೆ ಡೊಮೇನ್‌ನಲ್ಲಿ ಎರಡು ಎಸ್‌ಪಿಎಫ್ ರೆಕಾರ್ಡ್. ಒಂದು ಹಳೆ ಹೋಸ್ಟಿಂಗ್‌ನವರದು, ಇನ್ನೊಂದನ್ನು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟವರು ಪಕ್ಕದಲ್ಲೇ ಸೇರಿಸಿದ್ದರು. ಎರಡಿದ್ದರೆ ಒಂದೂ ಇಲ್ಲದ ಹಾಗೆ. ಎರಡನ್ನೂ ಒಂದು ಮಾಡಿದೆ. ಆಗ ಲುಕಪ್, ಅಂದರೆ ಪಟ್ಟಿ ಓದಲು ಬೇರೆ ಕಡೆ ಹೋಗಿ ಹುಡುಕಬೇಕಾದ ಸಲ, ಹದಿಮೂರಾಯಿತು, ಮಿತಿ ಹತ್ತು. ಈಗ ಬಳಕೆಯಲ್ಲಿಲ್ಲದ ಸರ್ವರ್‌ನವರ ಪಟ್ಟಿ ಸೇರಿಸುವ ಇನ್‌ಕ್ಲೂಡ್‌ಗಳನ್ನೆಲ್ಲ ಕಿತ್ತ ಮೇಲೆ ಆರಕ್ಕೆ ಇಳಿಯಿತು.

ಆಫೀಸ್ ಮೇಲ್ ಸುಧಾರಿಸಿತು, ಬಿಲ್ಲು ಮಾತ್ರ ಅಲ್ಲೇ. ಬಿಲ್ಲು ಹೊರಡುವುದು ಸಾಫ್ಟ್‌ವೇರ್‌ನವರ ಸರ್ವರ್‌ನಿಂದ. ರಿಟರ್ನ್ ಪಾತ್, ಅಂದರೆ ಮೇಲ್ ತಲುಪದಿದ್ದರೆ ವಾಪಸ್ ಬರುವ ವಿಳಾಸ, ಅವರದು, ಡಿಕಿಮ್ ಅನ್ನುವ ಡಿಜಿಟಲ್ ಸಹಿಯೂ ಅವರದು, ಕಳಿಸಿದವರ ಹೆಸರು ಕಾಣುವ ಫ್ರಮ್‌ನಲ್ಲಿ ಮಾತ್ರ ಕಾಕಾ ಹೆಸರು. ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕ್ ಫೇಲ್! ಪಾಸಾದದ್ದರಲ್ಲಿ ಒಂದಾದರೂ ಫ್ರಮ್‌ನ ಡೊಮೇನ್‌ನದೇ ಆಗಿರಬೇಕು ಅನ್ನುವ ಪರೀಕ್ಷೆ ಡಿಮಾರ್ಕ್. ನಮ್ಮ ಡೊಮೇನ್‌ನ ಡಿಕಿಮ್ ಹಾಕೋಣ ಅಂತ 2048 ಬಿಟ್‌ನ ಕೀ ಅಂಟಿಸಿದೆ. ಡೊಮೇನ್‌ನ ರೆಕಾರ್ಡ್‌ಗಳನ್ನು ಬರೆಯುವ ಡಿಎನ್‌ಎಸ್ ಪ್ಯಾನೆಲ್ ಸದ್ದಿಲ್ಲದೆ 255 ಅಕ್ಷರಕ್ಕೆ ಕತ್ತರಿಸಿಬಿಟ್ಟಿತ್ತು. ಕೀಯ ಬಾಲವೇ ಇಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಒಂದೊಂದೇ ಅಕ್ಷರ ಬೆರಳಿಟ್ಟು ಹೋಲಿಸಿದಾಗ ಸಿಕ್ಕಿಬಿತ್ತು. ಎರಡು ತುಂಡು ಮಾಡಿ ಉದ್ಧರಣ ಚಿಹ್ನೆಯೊಳಗೆ ಹಾಕಿದೆ, ಕೂತಿತು.

ಮೂರೂ ಪಾಸ್. ಆದರೂ ಅರ್ಧದಷ್ಟು ಸ್ಪ್ಯಾಮ್‌ಗೇ ಹೋಗುತ್ತಿದ್ದವು. ನನ್ನ ಗೆಳೆಯರೂ ಇಲ್ಲೇ ಕೈಬಿಟ್ಟರು. "ದುಡ್ಡು ಕೊಟ್ಟು ದೊಡ್ಡ ಮೇಲ್ ಸರ್ವಿಸ್ ತಗೊಳ್ಳಲಿ ಬಿಡು" ಅಂದರು.

ನಾನು ಕಾಕಾ ಅವರ ಹತ್ತಿರ ಕೂತು ಚಹಾ ಕುಡಿಯುತ್ತಾ ಕೇಳಿದೆ, "ದೀಪಾವಳಿಗೆ ಏನಾದರೂ ಕಳಿಸಿದ್ರಾ?" ಕಳಿಸಿದ್ದರು. ಹತ್ತು ವರ್ಷದ ಎಕ್ಸಿಬಿಷನ್‌ಗಳಲ್ಲಿ ಕೂಡಿಟ್ಟ ವಿಸಿಟಿಂಗ್ ಕಾರ್ಡ್‌ಗಳಿಂದ ತೆಗೆದ ನಾಲ್ಕು ಸಾವಿರ ವಿಳಾಸ. ಅಕ್ಷರ ಒಂದೂ ಇಲ್ಲ, ಬರೀ ದೀಪದ ಚಿತ್ರ. ಅದೇ ಡೊಮೇನ್‌ನಿಂದ! ಸಾವಿರಕ್ಕೆ ಮೂವರು ಸ್ಪ್ಯಾಮ್ ಬಟನ್ ಒತ್ತಿದರೇ ಜಾಸ್ತಿ ಅಂತ ಜೀಮೇಲ್‌ನ 2024ರ ಫೆಬ್ರವರಿಯ ನಿಯಮ. ಇಲ್ಲಿ ಎಷ್ಟು ಜನ ಒತ್ತಿದ್ದರೋ. ಕಳಿಸುವವರಿಗೆ ಈ ಲೆಕ್ಕ ತೋರಿಸುವ ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ನೋಡೋಣ ಅಂದರೆ ಇಷ್ಟು ಸಣ್ಣ ಡೊಮೇನ್‌ಗೆ ಅದು ಖಾಲಿ ಹಾಳೆ.

ಬಿಲ್ಲಿಗೇ ಅಂತ ಒಂದು ಸಬ್‌ಡೊಮೇನ್, ಅಂದರೆ ಅದೇ ಡೊಮೇನ್‌ನ ಕೆಳಗೆ ಬೇರೆ ಹೆಸರು, ಮಾಡಿದೆ. ಅದರಿಂದ ಬಿಲ್ಲು ಬಿಟ್ಟು ಬೇರೇನೂ ಹೋಗಬಾರದು, ಶುಭಾಶಯವೂ. ಖರ್ಚು ಸೊನ್ನೆ. ಗೆಳೆಯರು ನಕ್ಕರು. ಮೊದಲ ವಾರ ಐದೇ ಗಿರಾಕಿಗಳಿಗೆ ಕಳಿಸಿದೆ. ಅವರ ಅಕೌಂಟ್ಸ್‌ನವರಿಗೆ ಫೋನ್ ಮಾಡಿ 'ನಾಟ್ ಸ್ಪ್ಯಾಮ್' ಒತ್ತಿಸಿದೆ, ಮರುಉತ್ತರ ಬರೆಸಿದೆ. ಆ ಐವರನ್ನು ಹೇಗೆ ಆರಿಸಿದೆ, ಕೆಲಸದ ಗಡಿಬಿಡಿಯಲ್ಲಿರುವವರು ಉತ್ತರ ಬರೆಯುವ ಹಾಗೆ ಏನು ಕೇಳಿದೆ, ಅದನ್ನು ಹೇಳಲ್ಲ. ನನ್ನ ಹೊಟ್ಟೆಪಾಡು ಅದರಲ್ಲೇ ಇದೆ. ಐದನೇ ವಾರಕ್ಕೆ ಅರವತ್ತರಲ್ಲಿ ಒಂದೋ ಎರಡೋ ಮಾತ್ರ ಬೀಳುತ್ತಿದ್ದವು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಒಂದೇ ಬಿಲ್ಲನ್ನು ನನ್ನವೇ ಹತ್ತು ಖಾತೆಗಳಿಗೆ ಬೇರೆ ಬೇರೆ ರೂಪದಲ್ಲಿ ಕಳಿಸಿದೆ. ಗಿಡ್ಡ ಮಾಡಿದ ಲಿಂಕ್ ಇದ್ದದ್ದು ಏಳು ಕಡೆ ಸ್ಪ್ಯಾಮ್‌ಗೆ ಹೋಯಿತು, ಪಿಡಿಎಫ್ ಒಂದು ಕಡೆ. ಸಬ್ಜೆಕ್ಟ್ ಕನ್ನಡದಲ್ಲಿ ಬರೆದರೆ ಏನಾಗುತ್ತೆ ಅಂತಲೂ ನೋಡಿದೆ. ಏನೂ ಆಗಲಿಲ್ಲ, ಆರಾಮಾಗಿ ಇನ್‌ಬಾಕ್ಸ್‌ಗೆ ಬಂತು.

ನಾನು ಕೇಳಿದ್ದು ಒಂಬತ್ತು ಸಾವಿರ. ಕಾಕಾ ಆರು ಕೊಟ್ಟು, ಉಳಿದದ್ದಕ್ಕೆ ಬೆಳಗಾವಿ ಕುಂದಾದ ಡಬ್ಬಿ ಕೈಗಿಟ್ಟರು. ಏಳು ಲಕ್ಷದಲ್ಲಿ ಆರೂವರೆ ಬಂದಿದೆ. ಪುಣೆ ಹತ್ತಿರದ ಚಾಕಣ್‌ನ ಒಂದು ಕಂಪನಿಯ ಫಿಲ್ಟರ್ ಮಾತ್ರ ಇನ್ನೂ ತಡೆಯುತ್ತದೆ. ಅದನ್ನು ಅವರ ಐಟಿಯವರೇ ಬಿಡಬೇಕು, ಬಿಡುತ್ತಿಲ್ಲ. ಅಲ್ಲಿಗೆ ಕಾಕಾ ಪ್ರಿಂಟ್ ತೆಗೆದು ಸ್ಕೂಟರ್ ಮೇಲೆ ತಾವೇ ಹೋಗುತ್ತಾರೆ. ಹೋದ ವಾರ ಕೇಳಿದರು: "ಸಂಕ್ರಾಂತಿಗೆ ಎಳ್ಳು ಬೆಲ್ಲದ ಚಿತ್ರ ಒಂದ್ ಕಳಸಲೇನ?"