ಫಾರಿನ್ ಬಂಡವಾಳ ಬೇಕಾದರೆ ರಿಪೋರ್ಟಿನಲ್ಲಿ ವಿಮಾನದ ಪುಟ ಇರಲಿ

ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಗಳಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದು ನನ್ನ ಕೆಲಸ. ವಿದೇಶಿ ಪಾಲುದಾರರು ಬೇಕು ಅಂತ ಬರುವವರೆಲ್ಲ ಜಾಗ, ಕರೆಂಟು, ಪಣಂಬೂರು ಬಂದರು ಎಲ್ಲ ಬರೆಸುತ್ತಾರೆ. ಹಣ ಹಾಕುವವರು ಬಂದು ಹೋಗುವ ದಾರಿಗೆ ಒಂದು ಸಾಲೂ ಇರುವುದಿಲ್ಲ. ನಾನು ಅದಕ್ಕೆ ಇಡೀ ಪುಟ ಕೊಡುತ್ತೇನೆ.

ಹಣ ಹಾಕಿದವರು ಒಮ್ಮೆ ಬಂದು ದೀಪ ಹಚ್ಚಿ ಹೋದರೆ ಮುಗಿಯಿತಾ? ಮೆಷಿನ್ ಕೂರಿಸಲು ಎಂಜಿನಿಯರ್ ಬರಬೇಕು, ಲೆಕ್ಕ ನೋಡಲು ಆಡಿಟರ್ ಬರಬೇಕು, ಮಾಲು ವಾಪಸ್ ಬಂದರೆ ಕ್ವಾಲಿಟಿಯವರು ಓಡಿ ಬರಬೇಕು. ಅಮೆರಿಕದ ಕಾರ್ಖಾನೆಗಳ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಬಂದಿತ್ತು. ಹೊಸ ವಿಮಾನದಿಂದ ಹೆಡ್ ಆಫೀಸಿನವರು ಬಂದು ಹೋಗುವ ಸಮಯ ಕಡಿಮೆಯಾದ ಕಡೆ ಹೂಡಿಕೆ ಶೇ. 8ರಿಂದ 9ರಷ್ಟು ಜಾಸ್ತಿಯಾಗಿತ್ತು. ಒಂದೇ ದೇಶದೊಳಗೇ ಹೀಗೆ!

ಕಿಲೋಮೀಟರ್ ಬಿಡಿ, ಅವರ ಮನೆಯಿಂದ ನಿಮ್ಮ ಗೇಟಿನವರೆಗೆ ಗಂಟೆ ಲೆಕ್ಕ ಹಾಕಿ. ದುಬೈಯವರಾದರೆ ಸುಲಭ. 2006ರಲ್ಲೇ ನಮ್ಮ ಬಜ್ಪೆ ವಿಮಾನ ನಿಲ್ದಾಣದಿಂದ ನೇರ ವಿಮಾನ ಶುರುವಾಯಿತು. ಗಲ್ಫಿನಲ್ಲಿ ದುಡಿಯುವ ನಮ್ಮವರು ಸೀಟು ತುಂಬಿಸಿ ಉಳಿಸಿಕೊಂಡ ದಾರಿ ಅದು, ಬಂಡವಾಳದವರೂ ಅದರಲ್ಲೇ ಬರುತ್ತಾರೆ.

ಜರ್ಮನಿಯವರಾದರೆ ಎರಡು ದಾರಿಯನ್ನೂ ಬರೆಯಿರಿ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಉಂಟು, ಆದರೆ ಇಳಿಯುವುದು ಅಪರಾತ್ರಿ. ಇಮಿಗ್ರೇಶನ್, ಬ್ಯಾಗು, ಬೇರೆ ಟರ್ಮಿನಲ್ ಆದರೆ ಅಲ್ಲಿಗೆ ಓಟ, ಆಮೇಲೆ ಬೆಳಗಿನ ಮಂಗಳೂರು ವಿಮಾನ. ಹಾರುವುದು ಒಂದು ಗಂಟೆ, ಕಾಯುವುದೇ ನಾಲ್ಕೈದು ಗಂಟೆ. ದುಬೈ ಅಥವಾ ಅಬುಧಾಬಿ ಮೂಲಕ ಬಂದರೆ ಇಮಿಗ್ರೇಶನ್ ಬಜ್ಪೆಯಲ್ಲೇ. ಇ-ವೀಸಾದವರೂ ಇಲ್ಲಿ ಇಳಿಯಬಹುದು, ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. ಯಾವ ದಾರಿಯಾದರೂ ಆದಷ್ಟು ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಟಿಕೆಟ್ ಮಾಡಿಸಿ. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ವಿಮಾನ ಕಂಪನಿಯದ್ದಾಗುತ್ತದೆ.

ನಿಮ್ಮ ಘಟಕ ಉಡುಪಿ ಕಡೆ ಇದ್ದರೆ ಹೆದ್ದಾರಿಯ ಒಂದೂವರೆ ಗಂಟೆ ಸೇರಿಸಿ. ಮುಚ್ಚಿಡಬೇಡಿ, ಕಾರಿನಲ್ಲಿ ಕೂತಾಗ ಹೇಗೂ ಗೊತ್ತಾಗುತ್ತದೆ.

ಜೂನ್, ಜುಲೈಯಲ್ಲಿ ಬಂದ ದಿನವೇ ಮೀಟಿಂಗ್ ಇಡಬೇಡಿ ಮಾರಾಯ್ರೆ. ನಮ್ಮದು ಗುಡ್ಡದ ಮೇಲಿನ ರನ್‌ವೇ. ಮಳೆ, ಮಂಜು ಕವಿದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತದೆ. ರಸ್ತೆಯಲ್ಲಿ ಕರೆಸೋಣ ಅಂದರೆ ಅದೇ ಹೊತ್ತಿಗೆ ಬೆಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದಿರುತ್ತದೆ.

ವಿಮಾನಗಳ ವೇಳಾಪಟ್ಟಿ ಮಾರ್ಚ್ ಕೊನೆಗೆ, ಅಕ್ಟೋಬರ್ ಕೊನೆಗೆ ಬದಲಾಗುತ್ತದೆ. ಪುಟದ ಕೆಳಗೆ ನೀವು ನೋಡಿದ ತಾರೀಕು ಹಾಕಿ, ರಿಪೋರ್ಟ್ ಕಳಿಸುವ ಮುನ್ನ ಇನ್ನೊಮ್ಮೆ ನೋಡಿ.